ಕಡತದಿಂದ ಗಣಕಕ್ಕೆ: ಭೂದಾಖಲೆಯ ಹಾದಿ ಮತ್ತು ಬಿಟ್ಟುಹೋದ ಹೆಸರುಗಳು

ತಲೆಮಾರುಗಳಿಂದ ಒಂದು ತುಂಡು ನೆಲದಲ್ಲಿ ಬೆವರು ಸುರಿಸಿದ ಕುಟುಂಬಕ್ಕೂ, ಆ ನೆಲ ತನ್ನದೆಂದು ಹೇಳಬೇಕಾದ ದಿನ ಬಂದಾಗ ಆಸರೆಯಾಗುವುದು ಒಂದು ಹಾಳೆ. ನಾವು ಅದನ್ನು ಪಹಣಿ ಎನ್ನುತ್ತೇವೆ. ಸಹಕಾರ ಸಂಘದ ಸಾಲಕ್ಕೆ ಅದು ಬೇಕು, ಬೆಳೆ ಪರಿಹಾರಕ್ಕೆ ಬೇಕು, ನ್ಯಾಯಾಲಯದಲ್ಲಿ ಜಾಮೀನು ನಿಲ್ಲಲು ಬೇಕು. ಅಣ್ಣತಮ್ಮಂದಿರು ಪಾಲು ಕೇಳಿ ಎದುರುಬದುರು ನಿಂತಾಗಲೂ ಅದೇ ಬೇಕು. ಅದರಲ್ಲಿ ಹೆಸರಿದ್ದವನು ಕಾನೂನಿನ ಕಣ್ಣಿಗೆ ಮೊದಲು ಕಾಣುತ್ತಾನೆ. ಹೆಸರಿಲ್ಲದವನು ತಾನು ಇದ್ದೇನೆಂಬುದನ್ನೇ ಸಾಬೀತುಪಡಿಸಬೇಕಾಗುತ್ತದೆ.

ಈ ಹಾಳೆ ಇಂದು ಗಣಕಯಂತ್ರದಿಂದ ಕ್ಷಣಾರ್ಧದಲ್ಲಿ ಹೊರಬರುತ್ತದೆ. ಇಪ್ಪತ್ತೈದು ವರ್ಷಗಳ ಹಿಂದೆ ಹಾಗಿರಲಿಲ್ಲ. ಕೈಬರಹದ ಪುಸ್ತಕಗಳನ್ನು ಬದಿಗಿಟ್ಟು ಇಡೀ ರಾಜ್ಯದ ಜಮೀನಿನ ವಿವರವನ್ನು ಒಂದೇ ದತ್ತಸಂಚಯಕ್ಕೆ ತಂದ ಕಥೆಯನ್ನು ನಾವು ಬಲ್ಲವರಾಗಿರಬೇಕು. ಅದರಿಂದ ನಮಗೆ ದೊರೆತುದೇನು, ಅದು ನೀಡಲಾರದುದೇನು ಎಂಬುದನ್ನು ತಿಳಿಯದಿದ್ದರೆ, ಹಾಳೆ ಹೊಸತಾಗಿಯೂ ಅನ್ಯಾಯ ಹಳೆಯದೇ ಆಗಿ ಉಳಿಯುತ್ತದೆ.

ಪದಗಳು ಹೇಳುವ ಇತಿಹಾಸ

ಕಂದಾಯ ಇಲಾಖೆಯ ಶಬ್ದಕೋಶವನ್ನು ತೆರೆದರೆ ಈ ನಾಡಿನ ಆಡಳಿತದ ಚರಿತ್ರೆಯೇ ಕಣ್ಣಮುಂದೆ ನಿಲ್ಲುತ್ತದೆ. ತಹಸೀಲ್ದಾರ, ದಾಖಲೆ, ಹಿಸ್ಸಾ, ಖರಾಬು, ಜಮಾಬಂದಿ, ವಾರಸುದಾರ ಮುಂತಾದ ಪದಗಳ ಬೇರು ಅರಬಿ ಮತ್ತು ಫಾರಸಿಯಲ್ಲಿದೆ. ಪಹಣಿ, ಮೋಜಣಿ, ಫೋಡಿ ಎಂಬವು ಮರಾಠಿಯಿಂದ ಬಂದವು. ಪಹಣಿ ಎಂದರೆ ನೋಡುವುದು, ಹೊಲಕ್ಕೆ ಹೋಗಿ ಬೆಳೆಯನ್ನು ಕಣ್ಣಾರೆ ಪರಿಶೀಲಿಸುವುದು. ಶಾನುಭೋಗ, ಕಡತ, ಕಂದಾಯ ಎಂಬವು ಈ ನೆಲದಲ್ಲೇ ಬೆಳೆದ ಪದಗಳು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಮಡಿಕೆಯ ಪುಸ್ತಕಕ್ಕೆ ಕಡತವೆಂದು ಹೆಸರು. ಬಟ್ಟೆ ಹೋಗಿ ಕಾಗದ ಬಂದರೂ ಹೆಸರು ಮಾತ್ರ ಕಚೇರಿಯಲ್ಲಿ ಉಳಿದಿದೆ.

ಇವುಗಳಲ್ಲಿ ಎರಡು ಪದಗಳ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಮೊದಲನೆಯದು 'ರೈತ'. ಅರಬಿಯ 'ರಈಯ್ಯತ್' ಎಂಬುದರಿಂದ ಇದು ಬಂದಿದೆ. ಕಾಯುವವನ ಹೊಣೆಗೆ ಒಪ್ಪಿಸಲ್ಪಟ್ಟ ಮಂದೆ ಎಂಬುದು ಅದರ ಮೂಲ ಅರ್ಥ. ಆಳುವವನು ಉತ್ತರ ಹೇಳಬೇಕಾದ ಜನರಿಗೂ ಅದೇ ಹೆಸರು. ಎರಡನೆಯದು 'ಪೌತಿ'. ಮರಣವೆಂಬ ಅರ್ಥದ 'ಫೌತ್' ನಮ್ಮಲ್ಲಿ ಪೌತಿಯಾಗಿದೆ. ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡುವ ಬದಲಾವಣೆಯೇ ಪೌತಿ ಖಾತೆ. ಈ ಪದದ ಬಳಿಗೆ ನಾವು ಲೇಖನದ ಕೊನೆಯಲ್ಲಿ ಮರಳಿ ಬರುತ್ತೇವೆ.

ದಾಖಲೆ ಬದಲಾದಾಗಲೆಲ್ಲ

ನೆಲವನ್ನು ಅಳೆದು ಬರೆದಿಡುವ ಕಾರ್ಯ ಬಹಳ ಹಳೆಯದು. ಇರಾಕ್ ಮುಸ್ಲಿಮರ ಆಡಳಿತಕ್ಕೆ ಬಂದಾಗ ಅಲ್ಲಿನ ಫಲವತ್ತಾದ ಸವಾದ್ ಪ್ರದೇಶವನ್ನು ಯೋಧರಿಗೆ ಹಂಚಬೇಕೆಂಬ ಒತ್ತಾಯವಿತ್ತು. ಹಝ್ರತ್ ಉಮರ್(ರ) ಅದಕ್ಕೆ ಒಪ್ಪಲಿಲ್ಲ. ನೆಲವನ್ನು ಉಳುವವರ ಕೈಯಲ್ಲೇ ಉಳಿಸಿ, ಉಸ್ಮಾನ್ ಬಿನ್ ಹುನೈಫ್(ರ) ಅವರನ್ನು ಅಳತೆಗೆ ಕಳುಹಿಸಿದರು. 3 ಕೋಟಿ 60 ಲಕ್ಷ ಜರೀಬ್ ನೆಲ ಅಳೆಯಲ್ಪಟ್ಟಿತೆಂದು ಇಮಾಮ್ ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ಗೋಧಿಗೆ ಒಂದು ದರ, ಬಾರ್ಲಿಗೆ ಇನ್ನೊಂದು, ದ್ರಾಕ್ಷಿಗೆ ಮತ್ತೊಂದು ಎಂದು ಬೆಳೆಯನ್ನು ನೋಡಿ ತೆರಿಗೆ ನಿಗದಿಯಾಯಿತು. ನೆಲ ಹೊರಲಾರದಷ್ಟು ಭಾರವನ್ನೇನಾದರೂ ಹೊರಿಸಿದ್ದೀರಾ ಎಂದು ಖಲೀಫರು ತಮ್ಮ ಬದುಕಿನ ಕೊನೆಯ ದಿನಗಳಲ್ಲಿಯೂ ಆ ಅಧಿಕಾರಿಗಳನ್ನು ಕೇಳಿದ್ದರು. ಅಳತೆಯ ಹಿಂದೆ ಹೊಣೆಯ ಅರಿವಿತ್ತು.

ಆದರೆ ಲೆಕ್ಕದ ಪುಸ್ತಕಗಳು ಮಾತ್ರ ಹಳೆಯ ಲೆಕ್ಕಿಗರ ಕೈಯಲ್ಲೇ, ಹಳೆಯ ಭಾಷೆಯಲ್ಲೇ ಮುಂದುವರಿದವು. ಇರಾಕಿನಲ್ಲಿ ಫಾರಸಿ, ಸಿರಿಯಾದಲ್ಲಿ ಗ್ರೀಕ್. ಕ್ರಿ.ಶ. 700ರ ಆಸುಪಾಸಿನಲ್ಲಿ ಉಮಯ್ಯ ಖಲೀಫ ಅಬ್ದುಲ್ ಮಲಿಕ್‌ರ ಕಾಲದಲ್ಲಿ ಅವುಗಳನ್ನು ಅರಬಿಗೆ ತರಲಾಯಿತು. ಇರಾಕಿನಲ್ಲಿ ಈ ಕೆಲಸ ಸಾಲಿಹ್ ಬಿನ್ ಅಬ್ದುರ್ರಹ್ಮಾನ್ ಎಂಬ ಲೆಕ್ಕಿಗರ ಪಾಲಿಗೆ ಬಂತು. ಅವರಿಗಿಂತ ಮೊದಲು ಆ ಕಚೇರಿಯನ್ನು ನಡೆಸುತ್ತಿದ್ದವನ ಮಗ ಮರ್ದಾನ್‌ಶಾಹ್, ಭಿನ್ನರಾಶಿಗಳನ್ನು ಅರಬಿಯಲ್ಲಿ ಹೇಗೆ ಬರೆಯುವಿರಿ ಎಂದು ಸವಾಲು ಹಾಕಿದ. ಸಾಲಿಹ್ ಉತ್ತರ ಹೇಳಿದಾಗ, ಇದು ನನ್ನಿಂದಾಗದು ಎಂದು ತಿಳಿಸಿಬಿಡಲು ಒಂದು ಲಕ್ಷ ದಿರ್ಹಮ್ ಕೊಡಲು ಮುಂದಾದರೆಂದು, ಸಾಲಿಹ್ ಅದನ್ನು ನಿರಾಕರಿಸಿದರೆಂದು ಇತಿಹಾಸಕಾರ ಬಲಾದುರಿ ಬರೆದಿದ್ದಾರೆ.

ಈ ಪ್ರಸಂಗವನ್ನು ನಾವು ನೆನಪಿಸುವುದಕ್ಕೆ ಕಾರಣವಿದೆ. ಒಂದು ಲಕ್ಷ ದಿರ್ಹಮ್ ಸಣ್ಣ ಮೊತ್ತವಲ್ಲ. ದಾಖಲೆಯನ್ನು ಓದಬಲ್ಲವರು ಕೆಲವರೇ ಆಗಿದ್ದರೆ ಆ ಕೆಲವರ ಬಳಿ ಎಷ್ಟು ಶಕ್ತಿ ಕೂಡಿಕೊಳ್ಳುತ್ತದೆ ಎಂಬುದಕ್ಕೆ ಅದು ಅಳತೆಗೋಲು. ಭಾರತದಲ್ಲಿಯೂ ಶೇರ್ ಶಾಹ್ ಸೂರಿ ರೈತನಿಗೆ ಪಟ್ಟಾ ನೀಡಿ ಆತನಿಂದ ಕಬೂಲಿಯತ್ ಪಡೆಯುವ ಕ್ರಮವನ್ನು ಬಳಕೆಗೆ ತಂದದ್ದು ಈ ಶಕ್ತಿಗೆ ಕಡಿವಾಣ ಹಾಕುವುದಕ್ಕಾಗಿಯೇ. ಅಕ್ಬರನ ಕಾಲದಲ್ಲಿ ರಾಜಾ ತೋಡರಮಲ್ಲ ಅಳತೆಯ ಹಗ್ಗವನ್ನೇ ಬದಲಿಸಿದ. ನಾರಿನ ಹಗ್ಗ ಮಂಜಿನಲ್ಲಿ ನೆನೆದರೆ ಕುಗ್ಗುತ್ತದೆ, ಬಿಸಿಲಿಗೆ ಒಣಗಿದರೆ ಹಿಗ್ಗುತ್ತದೆ. ಬೆಳಿಗ್ಗೆ ಅಳೆದ ಹೊಲವೂ ಮಧ್ಯಾಹ್ನ ಅಳೆದ ಹೊಲವೂ ಒಂದೇ ಆಗಿರುತ್ತಿರಲಿಲ್ಲ. ಅದರ ಬದಲಿಗೆ ಕಬ್ಬಿಣದ ಬಳೆಗಳಿಂದ ಜೋಡಿಸಿದ ಬಿದಿರಿನ ಕೋಲುಗಳು ಬಂದವು.

ಐದು ಸೀಮೆ, ಐದು ಪದ್ಧತಿ

ಈಗ ನಮ್ಮ ನಾಡಿಗೆ ಬರೋಣ. 1956ರಲ್ಲಿ ಏಕೀಕರಣವಾದಾಗ ಒಂದಾದದ್ದು ನಕಾಶೆ. ಜಮೀನಿನ ಪುಸ್ತಕಗಳು ಒಂದಾಗಿರಲಿಲ್ಲ. ಹಳೆ ಮೈಸೂರಿನಲ್ಲಿ 1860ರ ದಶಕದಲ್ಲಿ ಮುಂಬಯಿ ಮಾದರಿಯ ಸರ್ವೆ ಆರಂಭವಾಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರಗಳಲ್ಲಿ ಮುಂಬಯಿ ಪ್ರಾಂತದ ಪದ್ಧತಿಯೇ ನೇರವಾಗಿ ನಡೆಯುತ್ತಿತ್ತು. ಅಲ್ಲಿನ ರೈತ ಇಂದಿಗೂ ಪಹಣಿಗೆ ಉತಾರ ಎನ್ನುವುದು ಆ ಕಾಲದ ಉಳಿಕೆ. ಕಲಬುರಗಿ, ಬೀದರ್, ರಾಯಚೂರುಗಳು ನಿಜಾಮರ ರಾಜ್ಯದ ಭಾಗವಾಗಿದ್ದು, ಅಲ್ಲಿ ಕಂದಾಯದ ಬರಹ ಮೊದಲು ಫಾರಸಿಯಲ್ಲಿ, ಅನಂತರ ಉರ್ದುವಿನಲ್ಲಿತ್ತು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿದ್ದುದರಿಂದ ಅಲ್ಲಿ ಅಡಂಗಲ್ ಇತ್ತು. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಬೇರೆಯೇ ಹಕ್ಕುಗಳ ಲೋಕವಿತ್ತು. ಕೊಡಗಿನಲ್ಲಿ ಜಮ್ಮಾ ಹಿಡುವಳಿ ಮತ್ತು ಬಾಣೆ ಜಮೀನುಗಳಿದ್ದವು. ಅಲ್ಲಿ ಕುಟುಂಬಕ್ಕೆಲ್ಲ ಸೇರಿದ ನೆಲ ಒಬ್ಬ ಪಟ್ಟೇದಾರನ ಹೆಸರಿನಲ್ಲಿ ಇರುತ್ತಿತ್ತು.

ಇವೆಲ್ಲವನ್ನು ಒಂದೇ ಚೌಕಟ್ಟಿಗೆ ತಂದದ್ದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮ. ಅದಕ್ಕೂ ಮುನ್ನ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆ, ಪಟೇಲಿಕೆಗಳನ್ನು ಕೊನೆಗಾಣಿಸಿತು. ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಹೀಗೆ ನಮೂನೆ ಒಂದಾಯಿತು. ಪಹಣಿಯ 9ನೇ ಕಲಮಿನಲ್ಲಿ ಮಾಲೀಕನ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣಗಳು, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ ಎಂಬ ವ್ಯವಸ್ಥೆ ರಾಜ್ಯಕ್ಕೆಲ್ಲ ಸಮಾನವಾಯಿತು.

ಆ ಒಂದು ಕಲಮಿನ ಬೆಲೆ ಎಷ್ಟೆಂಬುದನ್ನು ಕರಾವಳಿಯ ಜನ 1974ರಲ್ಲಿ ಕಂಡರು. ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯಂತೆ, ಆ ವರ್ಷದ ಮಾರ್ಚ್ 1ಕ್ಕೆ ಮೊದಲು ಗೇಣಿಗೆ ಉಳುತ್ತಿದ್ದವರು 7ನೇ ನಮೂನೆಯಲ್ಲಿ ಡಿಕ್ಲರೇಷನ್ ಸಲ್ಲಿಸಬಹುದಾಗಿತ್ತು. ಭೂನ್ಯಾಯ ಮಂಡಳಿಯ ಮುಂದೆ ನಿಂತ ಗೇಣಿದಾರನಿಗೆ 12ನೇ ಕಲಮಿನಲ್ಲಿ ತನ್ನ ಹೆಸರಿದ್ದರೆ ಅದು ದೊಡ್ಡ ಸಾಕ್ಷ್ಯ. ಇಲ್ಲದಿದ್ದರೆ ನೆರೆಹೊರೆಯವರ ಮಾತು, ಗೇಣಿ ಕೊಟ್ಟ ಚೀಟಿ ಎಂದು ಅಲೆದಾಡಬೇಕಾಗಿತ್ತು. ಆ ಕಾಯಿದೆಯಿಂದ ನೆಲದ ಒಡೆಯರಾದವರಲ್ಲಿ ಎಲ್ಲ ಸಮುದಾಯಗಳ ಬಡ ಒಕ್ಕಲುಗಳಿದ್ದರು. ನಮ್ಮ ಬ್ಯಾರಿ ಕುಟುಂಬಗಳೂ ಇದ್ದವು. ಇಂದು ನಮ್ಮಲ್ಲಿ ಅನೇಕರು ಅಜ್ಜನ ಮನೆ ಎಂದು ಹೇಳಿಕೊಳ್ಳುವ ಅಡಿಕೆ ತೋಟದ ಹಿಂದೆ ಇಂತಹ ಒಂದು ಡಿಕ್ಲರೇಷನ್ ಇರುತ್ತದೆ.

ಭೂಮಿ ಯೋಜನೆ

ನಮೂನೆ ಒಂದಾದರೂ ಪುಸ್ತಕ ಗ್ರಾಮಲೆಕ್ಕಿಗರ ಬಳಿಯೇ ಉಳಿಯಿತು. ಸುಮಾರು 9,000 ಗ್ರಾಮಲೆಕ್ಕಿಗರು, ಪ್ರತಿಯೊಬ್ಬರಿಗೂ ಕೆಲವು ಗ್ರಾಮಗಳು, ಪ್ರತಿ ಗ್ರಾಮಕ್ಕೂ ಕೈಬರಹದ ದಪ್ಪ ವಹಿಗಳು. ಆ ವಹಿಯನ್ನು ಮತ್ತೊಬ್ಬರು ನೋಡುವ ದಾರಿ ಇರಲಿಲ್ಲ. ಅವರು ಊರಿನಲ್ಲಿದ್ದರೆ ಪಹಣಿ, ಇಲ್ಲದಿದ್ದರೆ ನಾಳೆ. ಪ್ರಾಮಾಣಿಕರು ಅನೇಕರಿದ್ದರು ಎಂಬುದನ್ನು ನಾವು ಮರೆಯಬಾರದು. ಆದರೆ ವ್ಯವಸ್ಥೆಯು ಪ್ರಾಮಾಣಿಕತೆಯನ್ನು ಅವರ ಮರ್ಜಿಗೆ ಬಿಟ್ಟಿತ್ತು. ಹಕ್ಕು ಬದಲಾವಣೆಯ ಅರ್ಜಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬೀಳಬಹುದಾಗಿತ್ತು. ಸರ್ಕಾರಿ ಜಮೀನಿನ ಎದುರು ಯಾರದೋ ಹೆಸರು ಹೊಸ ಶಾಯಿಯಲ್ಲಿ ಮೂಡಬಹುದಾಗಿತ್ತು. ತಿದ್ದಿದವರು ಯಾರು, ಎಂದು ತಿದ್ದಿದರು ಎಂಬುದಕ್ಕೆ ಗುರುತೂ ಇರುತ್ತಿರಲಿಲ್ಲ.

ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 1988-89ರಲ್ಲಿಯೇ ಯೋಜನೆ ಹಾಕಿತ್ತು. ಅನೇಕ ಕಡೆ ಅದು ಮಾಹಿತಿಯನ್ನು ಒಮ್ಮೆ ತುಂಬಿಸುವುದರಲ್ಲಿ ಮುಗಿದುಹೋಯಿತು. ಕೈಬರಹದ ಪುಸ್ತಕ ಪಕ್ಕದಲ್ಲಿ ಮುಂದುವರಿದುದರಿಂದ ಗಣಕದ ಪ್ರತಿ ದಿನದಿನಕ್ಕೆ ಹಳತಾಗುತ್ತಿತ್ತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ 'ಭೂಮಿ' ಎಂಬ ಹೆಸರಿನಲ್ಲಿ ಕೈಗೊಂಡ ಕಾರ್ಯ ಬೇರೆಯಾದದ್ದು ಇಲ್ಲಿಯೇ. ರಾಷ್ಟ್ರೀಯ ಮಾಹಿತಿ ಕೇಂದ್ರ ತಂತ್ರಾಂಶವನ್ನು ಸಿದ್ಧಪಡಿಸಿತು. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳತ್ವ ವಹಿಸಿದ್ದರು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ತಾಲೂಕು ಕಚೇರಿಗಳ ಗಣಕಗಳಿಗೆ ಸೇರಿದವು. ಅನಂತರ ಒಂದು ದೃಢ ಹೆಜ್ಜೆ ಇಡಲಾಯಿತು. ಗಣಕೀಕರಣ ಪೂರ್ಣಗೊಂಡ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಅಧಿಸೂಚನೆ ಹೊರಬಿತ್ತು. ಹಳೆಯ ದಾರಿ ಮುಚ್ಚಿದ್ದರಿಂದಲೇ ಹೊಸ ದಾರಿ ದಾರಿಯಾಯಿತು.

15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಕಿಟಕಿಯಲ್ಲಿ ಪಹಣಿ ಪಡೆಯಬಹುದಾಯಿತು. ದಾಖಲೆಯನ್ನು ಬದಲಿಸುವ ನೌಕರ ಬೆರಳ ಗುರುತು ನೀಡಿಯೇ ಗಣಕವನ್ನು ತೆರೆಯಬೇಕಾದುದರಿಂದ, ಮಾಡಿದವನು ನಾನಲ್ಲ ಎಂದು ಹೇಳುವಂತಿರಲಿಲ್ಲ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಮುಂದೆ ತರಲಾಗದು ಎಂಬ ಕಟ್ಟು ತಂತ್ರಾಂಶದಲ್ಲೇ ಇತ್ತು. ಆಕ್ಷೇಪಣೆಗೆ 30 ದಿನಗಳ ನೋಟಿಸು, ಆಕ್ಷೇಪಣೆ ಬಾರದಿದ್ದರೆ ಮಂಜೂರಾತಿ. ಗೌಡನೂ ಕೂಲಿಯೂ ಒಂದೇ ಸಾಲಿನಲ್ಲಿ ನಿಲ್ಲುವ ದೃಶ್ಯ ನಮ್ಮ ಕಚೇರಿಗಳಲ್ಲಿ ಅಪರೂಪವಾಗಿತ್ತು. ಈ ಯೋಜನೆ ದೇಶದ ಇತರ ರಾಜ್ಯಗಳಿಗೆ ಮಾದರಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಗಣಕ ಸರಿಪಡಿಸದಿದ್ದುದು

ಆದರೆ ಗಣಕಕ್ಕೆ ತುಂಬಿಸಿದ್ದು ಯಾವುದನ್ನು? ಆ ಹಳೆಯ ವಹಿಗಳಲ್ಲಿದ್ದುದನ್ನೇ. ನೆಲವನ್ನು ಮತ್ತೆ ಅಳೆಯಲಿಲ್ಲ, ಮನೆಮನೆಗೆ ಹೋಗಿ ಹಕ್ಕುದಾರರನ್ನು ವಿಚಾರಿಸಲಿಲ್ಲ. ವಹಿಯಲ್ಲಿ ಸತ್ತ ಅಜ್ಜನ ಹೆಸರಿದ್ದರೆ ಗಣಕದಲ್ಲೂ ಅಜ್ಜನೇ ಮಾಲೀಕ. ಪಹಣಿಯ ವಿಸ್ತೀರ್ಣವೂ ಸರ್ವೆ ಇಲಾಖೆಯ ಆಕಾರ್‌ಬಂದಿನ ವಿಸ್ತೀರ್ಣವೂ ತಾಳೆಯಾಗದಿದ್ದರೆ ಆ ಅಂತರವೂ ಹಾಗೆಯೇ ದಾಟಿ ಬಂತು. ಮನೆಯಲ್ಲಿ ಪಾಲಾಗಿ, ಬೇಲಿ ಹಾಕಿ, ಫೋಡಿಯಾಗದೆ ಉಳಿದ ಜಮೀನುಗಳಲ್ಲಿ ಒಂದೇ ಸರ್ವೆ ನಂಬರಿನ ಕೆಳಗೆ ಹತ್ತಾರು ಹೆಸರುಗಳು ಜಂಟಿಯಾಗಿ ನಿಂತಿವೆ. ಕಾನೂನು ಕೂಡ ಪಹಣಿಯನ್ನು ಅಂತಿಮ ಸತ್ಯವೆಂದು ಹೇಳುವುದಿಲ್ಲ. ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು ಎಂಬುದಷ್ಟೇ ಭೂಕಂದಾಯ ಅಧಿನಿಯಮದ 133ನೇ ಪ್ರಕರಣದ ಮಾತು. ಅಧಿಕಾರವು ಊರಿನಿಂದ ತಾಲೂಕಿಗೆ ಸರಿದಾಗ, ದೂರದ ದೊಡ್ಡ ಖರೀದಿದಾರನಿಗೆ ಜಮೀನಿನ ವಿವರ ಸುಲಭವಾಗಿ ಸಿಕ್ಕಿ ಬಡವನಿಗೆ ತೊಡಕಾಗಬಹುದೆಂದು ಎಚ್ಚರಿಸಿದ ಸಂಶೋಧಕರೂ ಇದ್ದಾರೆ.

ಒಂದೇ ದತ್ತಸಂಚಯ ಎಂಬ ಗುರಿಯೂ ಪೂರ್ಣವಾಗಿಲ್ಲ. ಹಕ್ಕಿನ ದಾಖಲೆ ಕಂದಾಯ ಇಲಾಖೆಯ ಭೂಮಿಯಲ್ಲಿದೆ, ನಕ್ಷೆ ಸರ್ವೆ ಇಲಾಖೆಯ ಮೋಜಣಿಯಲ್ಲಿದೆ, ಕ್ರಯಪತ್ರ ನೋಂದಣಿ ಇಲಾಖೆಯ ಕಾವೇರಿಯಲ್ಲಿದೆ. ಈ ಮೂರನ್ನು ಒಂದರೊಡನೊಂದು ಬೆಸೆಯುವ ಕೆಲಸ ಹಂತಹಂತವಾಗಿ ನಡೆದಿದೆ. ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ ಮೊದಲು 11ಇ ನಕ್ಷೆ ಮಾಡಿಸಬೇಕೆಂಬ ನಿಯಮ ಇದರ ಫಲ. ಈಚಿನ ವರ್ಷಗಳಲ್ಲಿ 'ಭೂಸುರಕ್ಷಾ' ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯವೂ ನಡೆಯುತ್ತಿದೆ. ಇದು ಸ್ವಾಗತಾರ್ಹ. ಆದರೆ ಸ್ಕ್ಯಾನ್ ಮಾಡಿದ ಚಿತ್ರ ಓದಿದಂತಾಗುವುದಿಲ್ಲ. ಕಲಬುರಗಿ ಸೀಮೆಯ ಶಿಕಸ್ತಾ ಬರಹದ ಉರ್ದು ಕಾಗದವನ್ನೂ, ಬೆಳಗಾವಿ ಸೀಮೆಯ ಮೋಡಿ ಲಿಪಿಯನ್ನೂ ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಮರ್ದಾನ್‌ಶಾಹ್‌ನ ಕಾಲದಲ್ಲಿ ಓದಬಲ್ಲವರು ಕೆಲವರಿದ್ದರು ಎಂಬುದು ತೊಡಕಾಗಿತ್ತು. ನಮ್ಮ ಕಾಲದಲ್ಲಿ ಯಾರೂ ಉಳಿಯದಿರುವುದು ತೊಡಕಾಗಬಹುದು. ಮದ್ರಸಗಳಲ್ಲಿ ಉರ್ದು, ಫಾರಸಿ ಕಲಿತ ನಮ್ಮ ಯುವಕರು ಹಳೆಯ ಬರಹಗಳ ಓದನ್ನು ಒಂದು ಜನಸೇವೆಯೆಂದು ಕೈಗೆತ್ತಿಕೊಳ್ಳಬಾರದೇಕೆ?

ಹೆಸರುಗಳ ತೊಡಕು ಇನ್ನೊಂದಿದೆ. ಕಿವಿಗೆ ಬಿದ್ದಂತೆ ಬರೆದ ಕಾಲದಲ್ಲಿ ಮುಹಮ್ಮದ್ ಮಮ್ಮದೆಯಾದರು, ಫಾತಿಮಾ ಪಾತುಮ್ಮರಾದರು, ಇಬ್ರಾಹೀಮ್ ಇಬ್ರಾಯಿಯಾದರು. ಊರಿನವರಿಗೆ ಇದರಿಂದ ತೊಂದರೆ ಇರಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದರು. ಗಣಕ ಯಾರನ್ನೂ ಬಲ್ಲುದಲ್ಲ. ಪಹಣಿಯ ಮಮ್ಮದೆಯೂ ಆಧಾರ್ ಚೀಟಿಯ ಮುಹಮ್ಮದರೂ ಅದಕ್ಕೆ ಇಬ್ಬರು ವ್ಯಕ್ತಿಗಳು. ಇಂದು ಪಹಣಿಯನ್ನು ಆಧಾರ್‌ಗೆ ಜೋಡಿಸುವ ಕೆಲಸ ನಡೆಯುತ್ತಿರುವಾಗ ಈ ಒಂದಕ್ಷರದ ಅಂತರ ಬಹಳ ದೂರವಾಗಿಬಿಡುತ್ತದೆ. ಹೆಸರು ತಿದ್ದಿಸುವುದು ಹಿರಿಯರು ಬದುಕಿರುವಾಗ ಸುಲಭ, ಅವರು ತೀರಿಕೊಂಡ ಮೇಲೆ ಕಷ್ಟ.

ಪೌತಿ ಖಾತೆ

ಈಗ ನಾವು ಬಿಟ್ಟುಬಂದ ಆ ಪದಕ್ಕೆ ಮರಳೋಣ. ಮೇಲೆ ಹೇಳಿದ ಕೊರತೆಗಳಲ್ಲಿ ಬಹುಪಾಲು ಸರ್ಕಾರದ್ದು. ಪೌತಿ ಖಾತೆಯ ಕೊರತೆ ಮಾತ್ರ ನಮ್ಮ ಮನೆಯೊಳಗಿನದು. ತಂದೆ ತೀರಿಕೊಂಡು ಹತ್ತು, ಇಪ್ಪತ್ತು ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲೇ ಇರುವುದಕ್ಕೆ ಸೋಮಾರಿತನ ಒಂದು ಕಾರಣ. ಇನ್ನೊಂದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಖಾತೆ ಬದಲಿಸಬೇಕಾದರೆ ವಂಶವೃಕ್ಷ ಬೇಕು. ವಂಶವೃಕ್ಷ ಬರೆಸಿದರೆ ಅಕ್ಕತಂಗಿಯರ ಹೆಸರನ್ನೂ ಬರೆಸಬೇಕು.

ಹಾಗಾಗಿ ಕೆಲವರು ಬದಲಾವಣೆಯನ್ನೇ ಮಾಡಿಸುವುದಿಲ್ಲ. ಇನ್ನು ಕೆಲವರು ವಂಶವೃಕ್ಷದಲ್ಲಿ ಗಂಡುಮಕ್ಕಳನ್ನು ಮಾತ್ರ ತೋರಿಸುತ್ತಾರೆ. ಮತ್ತೆ ಕೆಲವರು ಹಬ್ಬಕ್ಕೆ ತವರಿಗೆ ಬಂದ ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರವನ್ನಿಟ್ಟು, ಇಲ್ಲಿ ಒಂದು ಸಹಿ ಹಾಕು ಎನ್ನುತ್ತಾರೆ. ಅವಳು ಓದದೆ ಹಾಕುತ್ತಾಳೆ. ತವರಿನ ಬಾಗಿಲು ಮುಚ್ಚೀತೆಂಬ ಭಯ ಅವಳಿಗೆ. ಇದು ನಮ್ಮ ಸಮುದಾಯದಲ್ಲಿ ಮಾತ್ರ ಇರುವ ದೋಷವಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಸಮಪಾಲು ನೀಡಬೇಕಾಗಿ ಬಂದದ್ದು ಏಕೆಂದು ಯೋಚಿಸಿದರೆ ಸಾಕು. ಆದರೆ ಹದಿನಾಲ್ಕು ಶತಮಾನಗಳ ಹಿಂದೆಯೇ ಮಗಳಿಗೂ ತಾಯಿಗೂ ಪತ್ನಿಗೂ ಪಾಲನ್ನು ನಿಗದಿಪಡಿಸಿದ ಧರ್ಮದ ಅನುಯಾಯಿಗಳು ನಾವು. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಕುರ್‌ಆನಿನ ಅತಿ ದೀರ್ಘ ವಚನ ಆದೇಶಿಸಿರುವುದನ್ನು ಬಲ್ಲವರು ನಾವು. ನಮ್ಮ ಮನೆಯ ವಂಶವೃಕ್ಷದಲ್ಲಿ ಹೆಣ್ಣಿನ ಹೆಸರು ಇಲ್ಲದಿದ್ದರೆ ಅದಕ್ಕೆ ಯಾವ ಅಜ್ಞಾನವನ್ನು ನೆಪ ಹೇಳೋಣ?

ಹಳೆಯ ಕಾಲದಲ್ಲಿ ಈ ಅನ್ಯಾಯಕ್ಕೆ ತಿದ್ದುಪಡಿಯ ಅವಕಾಶ ಸ್ವಲ್ಪವಾದರೂ ಇತ್ತು. ಊರು ಬಲ್ಲುದು, ಗುರಿಕಾರರು ಬಲ್ಲರು, ಶಾನುಭೋಗರಿಗೂ ಮನೆಮನೆಯ ಸಂಗತಿ ಗೊತ್ತು. ಈಗ ಒಮ್ಮೆ ಹೆಸರು ಬಿಟ್ಟುಹೋದರೆ ಆ ಬಿಟ್ಟುಹೋದ ರೂಪವೇ ಭೂಮಿಯಿಂದ ಕಾವೇರಿಗೆ, ಅಲ್ಲಿಂದ ಬ್ಯಾಂಕಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಚಾಚೂ ತಪ್ಪದೆ ಸಾಗುತ್ತದೆ. ದಾಖಲೆ ಹೆಚ್ಚು ಗಟ್ಟಿಯಾದಷ್ಟೂ ಅದರೊಳಗಿನ ಸುಳ್ಳೂ ಗಟ್ಟಿಯಾಗುತ್ತದೆ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಈ ವಾರ ನಿಮ್ಮ ಕುಟುಂಬದ ಪಹಣಿಯನ್ನು ತೆಗೆಸಿ ನೋಡಿ. 9ನೇ ಕಲಮಿನಲ್ಲಿ ಯಾರ ಹೆಸರಿದೆ, ಅವರು ಬದುಕಿದ್ದಾರೆಯೇ, ಹೆಸರಿನ ಅಕ್ಷರಗಳು ಸರಿಯಾಗಿವೆಯೇ, ವಿಸ್ತೀರ್ಣ ನೆಲದೊಡನೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸಿ. ತಂದೆತಾಯಿ ತೀರಿಕೊಂಡಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷ ಬರೆಸುವಾಗ ಮೊದಲು ತಾಯಿಯ ಹೆಸರು, ಅನಂತರ ಎಲ್ಲ ಮಕ್ಕಳ ಹೆಸರು, ದೂರದೂರಿಗೆ ಮದುವೆಯಾಗಿ ಹೋದ ಅಕ್ಕನ ಹೆಸರೂ ಇರಲಿ. ಅವಳು ತನ್ನ ಪಾಲನ್ನು ಬಿಟ್ಟುಕೊಡಲು ಬಯಸಿದರೆ, ಅದು ಅವಳ ಕೈಗೆ ಬಂದ ಮೇಲೆ ಅವಳೇ ತಿಳಿದು ಕೊಡಲಿ. ಮಸೀದಿಗಳ ಜಮಾಅತ್‌ಗಳು ನಿಕಾಹ್ ಪುಸ್ತಕವನ್ನು ಜೋಪಾನವಾಗಿ ಇಡುತ್ತವೆ. ಅದೇ ಕಾಳಜಿಯಿಂದ, ಮಹಲ್ಲಿನಲ್ಲಿ ಒಬ್ಬರು ತೀರಿಕೊಂಡ ನಲವತ್ತು ದಿನಗಳೊಳಗೆ ವಾರಸುದಾರರನ್ನೆಲ್ಲ ಕೂರಿಸಿ ಈ ಒಂದು ಕೆಲಸವನ್ನು ನೆನಪಿಸಿದರೆ ಅದೆಷ್ಟು ಜಗಳಗಳು ಹುಟ್ಟುವ ಮೊದಲೇ ಆರಿಹೋದಾವು!

ಹಝ್ರತ್ ಉಮರ್(ರ) ತಮ್ಮ ಅಧಿಕಾರಿಗಳನ್ನು ಕೇಳಿದ್ದು ಎಷ್ಟು ಜರೀಬ್ ಅಳೆದಿರಿ ಎಂದಲ್ಲ, ಯಾರ ಮೇಲಾದರೂ ಭಾರ ಹೊರಿಸಿದಿರಾ ಎಂದು. ನಮ್ಮ ಹಾಳೆಯೂ ಆ ಪ್ರಶ್ನೆಗೆ ಉತ್ತರ ಕೊಡುವಂತಿರಬೇಕು.